ಮಗುವಿಗೆ ತಕ್ಕ ಗಾಲಿಕುರ್ಚಿ



ಮಗುವಿಗೆ ಚಪ್ಪಲಿ ಕೊಳ್ಳಲು ಹೋದಾಗ ನಾವು ಅದರ ಪಾದಕ್ಕೆ ಹಾಕಿ ನೋಡದೆ ದುಡ್ಡು ಕೊಡುವುದಿಲ್ಲ. ಹೆಬ್ಬೆರಳು ಒತ್ತುತ್ತದೆಯೇ, ಹಿಮ್ಮಡಿ ಜಾರುತ್ತದೆಯೇ ಎಂದು ಮುಟ್ಟಿ ನೋಡುತ್ತೇವೆ; ಅಂಗಡಿಯಲ್ಲೇ ನಾಲ್ಕು ಹೆಜ್ಜೆ ನಡೆಸುತ್ತೇವೆ. ಆದರೆ ನಡೆಯಲಾರದ ಮಗು ದಿನದಲ್ಲಿ ಎಷ್ಟೋ ಗಂಟೆ ಕೂರಬೇಕಾದ ಗಾಲಿಕುರ್ಚಿಯ ವಿಷಯದಲ್ಲಿ ಇಷ್ಟು ಎಚ್ಚರವೂ ಇರುವುದಿಲ್ಲ. ಶಿಬಿರದಲ್ಲಿ ಕೊಟ್ಟದ್ದನ್ನೋ, ಅಜ್ಜನಿಗೆಂದು ತಂದು ಮೂಲೆಯಲ್ಲಿ ಇಟ್ಟದ್ದನ್ನೋ, ದಾನಿಗಳು ಕಳುಹಿಸಿದ್ದನ್ನೋ 'ಸಿಕ್ಕಿತಲ್ಲ, ಅದೇ ಪುಣ್ಯ' ಎಂದು ಮಗುವನ್ನು ಅದರಲ್ಲಿ ಕೂರಿಸಿಬಿಡುತ್ತೇವೆ.

ಈ ವಾರದ ಪಾಠ ಇದರ ಕುರಿತು. ಹೇಳಬೇಕಾದ ಮಾತು ಒಂದೇ: ಕುರ್ಚಿ ಮಗುವಿನ ಅಳತೆಗೆ ಬರಬೇಕೇ ಹೊರತು ಮಗು ಕುರ್ಚಿಯ ಅಳತೆಗೆ ಬಗ್ಗಬಾರದು. ಅಳತೆ ತಪ್ಪಿದ ಕುರ್ಚಿಯಿಂದ ಆಗುವುದು ಬರಿಯ ಅನಾನುಕೂಲವಲ್ಲ. ಬೆಳೆಯುತ್ತಿರುವ ಬೆನ್ನೆಲುಬು, ಉಸಿರಾಟ, ಊಟ, ಓದು, ಆಟ ಇವೆಲ್ಲಕ್ಕೂ ಅದರಿಂದ ಪೆಟ್ಟು ಬೀಳುತ್ತದೆ.

ಗಾಲಿಕುರ್ಚಿ ಯಾವುದಕ್ಕಾಗಿ?

ಒಂದು ಉಪಕರಣ ಒಳ್ಳೆಯದೋ ಅಲ್ಲವೋ ಎಂಬುದನ್ನು ಅದರ ಉದ್ದೇಶದಿಂದ ತೀರ್ಮಾನಿಸಬೇಕೆಂದು ತತ್ವಶಾಸ್ತ್ರದ ಮೊದಲ ಪಾಠಗಳಲ್ಲೇ ಕಲಿಸುತ್ತಾರೆ. ಹೊಳೆಯುವ ಕತ್ತಿ ಹರಿತವಾಗಿರದಿದ್ದರೆ ಅದು ಒಳ್ಳೆಯ ಕತ್ತಿಯಲ್ಲ. ಹಾಗಾದರೆ ಮಗುವಿನ ಗಾಲಿಕುರ್ಚಿಯ ಉದ್ದೇಶವೇನು? ಮಗುವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು ಎಂದು ನಾವು ಥಟ್ಟನೆ ಹೇಳುತ್ತೇವೆ. ಅದು ಅರ್ಧ ಉತ್ತರ. ಮೊದಲನೆಯದಾಗಿ, ಮಗು ನೆಟ್ಟಗೆ, ನೋವಿಲ್ಲದೆ ಕೂರಬೇಕು. ಎರಡನೆಯದಾಗಿ, ತನ್ನಿಂದ ಸಾಧ್ಯವಾದಷ್ಟು ತಾನೇ ಚಲಿಸಬೇಕು. ಮೂರನೆಯದಾಗಿ, ಊಟದ ಮೇಜಿಗೆ, ಶಾಲೆಯ ತರಗತಿಗೆ, ಅಂಗಳದ ಆಟಕ್ಕೆ ಬಂದು ಸೇರಬೇಕು. ಸಾಗಿಸುವುದು ಈ ಮೂರಕ್ಕೂ ಸಾಧನ ಮಾತ್ರ.

ಆಸ್ಪತ್ರೆಗಳಲ್ಲಿಯೂ ರೈಲು ನಿಲ್ದಾಣಗಳಲ್ಲಿಯೂ ಕಾಣುವ ಮಡಚುವ ಉಕ್ಕಿನ ಕುರ್ಚಿ ಈ ಉದ್ದೇಶಕ್ಕಾಗಿ ಹುಟ್ಟಿದ್ದಲ್ಲ. 1918ರಲ್ಲಿ ಗಣಿ ದುರಂತದಲ್ಲಿ ಕಾಲುಗಳ ಶಕ್ತಿ ಕಳೆದುಕೊಂಡ ಅಮೆರಿಕದ ಗಣಿ ಎಂಜಿನಿಯರ್ ಹರ್ಬರ್ಟ್ ಎವರೆಸ್ಟ್, ತನ್ನ ಮಿತ್ರ ಹ್ಯಾರಿ ಜೆನ್ನಿಂಗ್ಸ್ ಜೊತೆ ಸೇರಿ 1930ರ ದಶಕದಲ್ಲಿ ಅದನ್ನು ರೂಪಿಸಿದ. ಕಾರಿನಲ್ಲಿ ಮಡಚಿ ಇಡುವಂತಿರಬೇಕು ಎಂಬುದು ಅವರ ಮುಖ್ಯ ಗುರಿಯಾಗಿತ್ತು. ವಯಸ್ಕನೊಬ್ಬನ ಅಗತ್ಯಕ್ಕೆ ಅದು ಸೊಗಸಾಗಿ ಹೊಂದಿತು. ಅದೇ ಮಾದರಿಯನ್ನು ಏಳು ವರ್ಷದ ಮಗುವಿಗೆ ಕೊಟ್ಟರೆ? ಸಾಮಾನ್ಯವಾಗಿ ಅದರ ಆಸನದ ಅಗಲ 18 ಇಂಚು, ಅಂದರೆ ಸುಮಾರು 45 ಸೆಂ.ಮೀ. ಮಗುವಿನ ಸೊಂಟದ ಅಗಲ 25 ಸೆಂ.ಮೀ.ಗೆ ಹೆಚ್ಚು ಕಡಿಮೆ. ಎರಡೂ ಬದಿ ಅರ್ಧರ್ಧ ಗೇಣಿನ ಹತ್ತಿರ ಖಾಲಿ ಜಾಗ! ಮಗು ಒಂದು ಪಕ್ಕಕ್ಕೆ ವಾಲಿ, ಆ ಬದಿಯ ಹಿಡಿಗೆ ಒರಗಿಯೇ ದಿನ ಕಳೆಯುತ್ತದೆ. ಗಾಲಿ ತಿರುಗಿಸಲು ಅದರ ಕೈ ಚಕ್ರಕ್ಕೆ ಎಟಕುವುದಿಲ್ಲ.

'ಕುರ್ಚಿಗೆ ಹಾಕಿದರೆ ನಡೆಯುವುದೇ ಇಲ್ಲ'

ಅನೇಕ ಕುಟುಂಬಗಳಲ್ಲಿ ಮೊದಲ ಅಡ್ಡಿ ಹಣವಲ್ಲ, ಈ ಭಯ. ಗಾಲಿಕುರ್ಚಿ ತಂದರೆ ಮಗು ನಡೆಯುತ್ತದೆಂಬ ಆಸೆಯನ್ನು ಕೈಬಿಟ್ಟಂತೆ ಎಂದು ತಾಯಿ ಅಳುತ್ತಾಳೆ. ನೆಂಟರು ಏನೆನ್ನುತ್ತಾರೋ ಎಂದು ತಂದೆ ಹಿಂಜರಿಯುತ್ತಾನೆ. ಹೀಗೆ ಒಂಬತ್ತು ಹತ್ತು ವರ್ಷದವರೆಗೂ ಮಗುವನ್ನು ಸೊಂಟದ ಮೇಲೆ ಹೊತ್ತು ತಿರುಗುವ ತಾಯಂದಿರಿದ್ದಾರೆ. ಕೊನೆಗೆ ಅವರ ಸೊಂಟವೂ ಹೋಗುತ್ತದೆ, ಮಗುವೂ ಮನೆಯ ಮೂಲೆಯಲ್ಲಿ ಉಳಿಯುತ್ತದೆ.

ಈ ಭಯವನ್ನು ಹಗುರವಾಗಿ ಕಾಣಬಾರದು. ಅದು ಪ್ರೀತಿಯಿಂದ ಹುಟ್ಟಿದ ಭಯ. ಆದರೆ ಅದು ಸತ್ಯವೇ ಎಂದು ಪರೀಕ್ಷಿಸೋಣ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿಗೆ ಆದ ಪೆಟ್ಟಿನಿಂದ ಸ್ನಾಯುಗಳ ಹತೋಟಿ ತಪ್ಪುವ ಸ್ಥಿತಿಯನ್ನು, ಮಗುವಿನ ಚಲನೆಯ ಶಕ್ತಿಗೆ ಅನುಸಾರವಾಗಿ ಐದು ಹಂತಗಳಲ್ಲಿ ಗುರುತಿಸುವ ಪದ್ಧತಿ 1997ರಲ್ಲಿ ಪ್ರಕಟವಾಯಿತು. ಇಂದು ಲೋಕದೆಲ್ಲೆಡೆ ಚಿಕಿತ್ಸಕರು ಅದನ್ನು ಬಳಸುತ್ತಾರೆ. ಮೊದಲ ಎರಡು ಹಂತದ ಮಕ್ಕಳು ಸಾಮಾನ್ಯವಾಗಿ ತಾವೇ ನಡೆಯುತ್ತಾರೆ. ಮೂರನೆಯ ಹಂತದವರು ವಾಕರ್ ಅಥವಾ ಊರುಗೋಲು ಹಿಡಿದು ನಡೆಯುತ್ತಾರೆ, ದೂರದ ದಾರಿಗೆ ಗಾಲಿಕುರ್ಚಿ ಬಳಸುತ್ತಾರೆ. ನಾಲ್ಕು ಮತ್ತು ಐದನೆಯ ಹಂತದವರಿಗೆ ಹೆಚ್ಚಿನ ಸಮಯ ಗಾಲಿಕುರ್ಚಿಯೇ ಕಾಲು. ನಿಮ್ಮ ಮಗು ಯಾವ ಹಂತದಲ್ಲಿದೆ ಎಂದು ವೈದ್ಯರನ್ನು ನೇರವಾಗಿ ಕೇಳಿ. ಆಗ ಆಸೆಗೂ ವಾಸ್ತವಕ್ಕೂ ನಡುವಿನ ಮಂಜು ಸ್ವಲ್ಪ ಕರಗುತ್ತದೆ.

ಮೂರನೆಯ ಹಂತದ ಮಗುವನ್ನೇ ನೋಡಿ. ವ್ಯಾಯಾಮದ ಹೊತ್ತಿನಲ್ಲಿ ಅದು ವಾಕರ್ ಹಿಡಿದು ನಡೆಯಲಿ, ಅದನ್ನು ಯಾರೂ ನಿಲ್ಲಿಸಬಾರದು. ಆದರೆ ಅರ್ಧ ಕಿಲೋಮೀಟರ್ ದೂರದ ಶಾಲೆಗೂ ನಡೆದೇ ಹೋಗಲಿ ಎಂದರೆ, ತರಗತಿ ಮುಟ್ಟುವಷ್ಟರಲ್ಲಿ ಶಕ್ತಿಯೆಲ್ಲ ತೀರಿರುತ್ತದೆ; ಪಾಠ ಕೇಳಲು ಏನೂ ಉಳಿದಿರುವುದಿಲ್ಲ. ಕನ್ನಡಕ ಹಾಕಿದ ಮಗು ನೋಡುವುದನ್ನು ಮರೆಯುವುದಿಲ್ಲ. ಹಾಗೆಯೇ ಗಾಲಿಕುರ್ಚಿಯಲ್ಲಿ ಕೂತ ಮಗು ತನ್ನಲ್ಲಿರುವ ನಡಿಗೆಯನ್ನು ಕಳೆದುಕೊಳ್ಳಬೇಕಾಗಿಲ್ಲ, ವ್ಯಾಯಾಮ ಮುಂದುವರಿದರೆ ಸಾಕು.

ಅಳೆಯುವ ಮುನ್ನ ಮಗುವನ್ನು ನೋಡಿ

ಎಲ್ಲ ಮಕ್ಕಳಿಗೂ ಒಂದೇ ಬಗೆಯ ಕುರ್ಚಿ ಆಗದು. ಮಗುವನ್ನು ಗಟ್ಟಿಯಾದ ಬೆಂಚಿನ ಮೇಲೆ ಪಾದ ಊರುವಂತೆ ಕೂರಿಸಿ, ಬಿದ್ದರೆ ಹಿಡಿಯಲು ಪಕ್ಕದಲ್ಲಿ ನಿಂತು ಗಮನಿಸಿ. ಕೈ ಊರದೆ ತಾನೇ ಕೂರುವ ಮಗುವಿಗೆ ಹಗುರವಾದ, ತಾನೇ ತಳ್ಳಿಕೊಳ್ಳಬಹುದಾದ ಕುರ್ಚಿ ಬೇಕು. ಕೈ ಊರಿದರೆ ಮಾತ್ರ ಕೂರುವ ಮಗುವಿಗೆ ಸೊಂಟದ ಹಾಗೂ ಪಕ್ಕೆಯ ಬದಿಗಳಿಗೆ ಆಸರೆ ಬೇಕು. ಇಲ್ಲದಿದ್ದರೆ ಅದರ ಎರಡು ಕೈಗಳೂ ಬೀಳದಂತೆ ಹಿಡಿಯುವುದರಲ್ಲೇ ಮುಗಿದುಹೋಗುತ್ತವೆ, ಬರೆಯಲು ಕೈ ಉಳಿಯುವುದಿಲ್ಲ. ಕತ್ತು ನಿಲ್ಲದ ಮಗುವಿಗೆ ತಲೆಗೂ ಆಸರೆ ಬೇಕು, ಆಸನ ಮತ್ತು ಬೆನ್ನು ಎರಡೂ ಒಟ್ಟಿಗೆ ಹಿಂದಕ್ಕೆ ವಾಲುವ ಕುರ್ಚಿ ಬೇಕಾಗಬಹುದು. ಬೆನ್ನು ಮಾತ್ರ ಹಿಂದಕ್ಕೆ ಬಿಚ್ಚಿಕೊಳ್ಳುವ ಕುರ್ಚಿಯಲ್ಲಿ ಇಂತಹ ಮಗು ಮುಂದಕ್ಕೆ ಜಾರಿ ಇಳಿಯುತ್ತದೆ.

ಬೆನ್ನುಹುರಿಯ ತೊಂದರೆಯೊಂದಿಗೆ ಹುಟ್ಟಿದ ಮಕ್ಕಳಲ್ಲಿ ಕೆಲವರಿಗೆ ಕುಳಿತ ಭಾಗದಲ್ಲಿ ಸ್ಪರ್ಶವೇ ತಿಳಿಯುವುದಿಲ್ಲ. ನೋವಾಗದ ಕಾರಣ ಹುಣ್ಣಾದರೂ ಅವರು ಹೇಳಲಾರರು. ಅವರಿಗೆ ಕುರ್ಚಿಯಷ್ಟೇ ಕುಶನ್ನೂ ಮುಖ್ಯ. ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಕ್ಷೀಣಿಸುವ ಕಾಯಿಲೆಯಿದ್ದರೆ ಇಂದಿನ ಶಕ್ತಿಯ ಜೊತೆಗೆ ಮುಂದಿನ ವರ್ಷದ ಅಗತ್ಯವನ್ನೂ ನೆನೆಯಬೇಕು. ಕಾಲು ಅಥವಾ ಬೆನ್ನು ಕೈಯಿಂದ ಮೃದುವಾಗಿ ಸರಿಪಡಿಸಿದರೆ ನೇರವಾಗುತ್ತದೆಯೇ, ಅಥವಾ ಬಿಗಿದು ನಿಂತಿದೆಯೇ ಎಂಬುದನ್ನು ಫಿಸಿಯೋಥೆರಪಿಸ್ಟ್ ನೋಡಿ ಹೇಳಲಿ. ಬಿಗಿದು ನಿಂತದ್ದನ್ನು ಬಲವಂತದಿಂದ ನೇರ ಮಾಡಿ ಕಟ್ಟಿ ಕೂರಿಸಬಾರದು. ಆ ಆಕಾರಕ್ಕೆ ತಕ್ಕಂತೆ ಆಸನವನ್ನೇ ಹೊಂದಿಸಬೇಕು.

ನಾಲ್ಕು ಅಳತೆಗಳು

ಅಳತೆ ತೆಗೆಯುವುದು ತಜ್ಞರ ಕೆಲಸ. ಆದರೂ ತಾಯ್ತಂದೆಯರು ಅದನ್ನು ತಿಳಿದಿದ್ದರೆ ಕೊಟ್ಟ ಕುರ್ಚಿ ಸರಿಯೋ ಅಲ್ಲವೋ ಎಂದು ಕೇಳುವ ಧೈರ್ಯ ಬರುತ್ತದೆ. ಬಡಗಿಗಳು ಬಳಸುವ ಉಕ್ಕಿನ ಟೇಪು, ಎರಡು ದಪ್ಪ ರಟ್ಟಿನ ಪುಸ್ತಕ, ಹಿಡಿದುಕೊಳ್ಳಲು ಇನ್ನೊಬ್ಬರು, ಇಷ್ಟಿದ್ದರೆ ಸಾಕು.

ಒಂದು, ಸೊಂಟದ ಅಗಲ. ಕುಳಿತ ಮಗುವಿನ ಸೊಂಟದ ಎರಡೂ ಬದಿಗೆ ಪುಸ್ತಕಗಳನ್ನು ನೆಟ್ಟಗೆ ತಾಗಿಸಿ ಹಿಡಿದು, ಅವುಗಳ ನಡುವಿನ ದೂರ ಅಳೆಯಿರಿ. ಆಸನದ ಅಗಲ ಇಷ್ಟೇ ಇರಬೇಕು ಅಥವಾ ಇದಕ್ಕೆ ತೀರಾ ಸಮೀಪವಾಗಿರಬೇಕು.

ಎರಡು, ಆಸನದ ಆಳ. ಪೃಷ್ಠದ ಹಿಂಬದಿಯಿಂದ ಮಂಡಿಯ ಹಿಂಬದಿಯವರೆಗೆ ಅಳೆದು, ಅದರಲ್ಲಿ 3ರಿಂದ 6 ಸೆಂ.ಮೀ. ಕಳೆಯಿರಿ. ಅಳತೆ 30 ಸೆಂ.ಮೀ. ಬಂದರೆ ಆಸನ 24ರಿಂದ 27 ಸೆಂ.ಮೀ. ಆಳವಿರಬೇಕು. ಎರಡೂ ಕಾಲು ಅಳೆಯಿರಿ. ವ್ಯತ್ಯಾಸವಿದ್ದರೆ ಚಿಕ್ಕದನ್ನು ಹಿಡಿಯಿರಿ. ಆಳ ಹೆಚ್ಚಾದರೆ ಮಂಡಿಯ ಹಿಂಬದಿಗೆ ಆಸನದ ಅಂಚು ಒತ್ತುತ್ತದೆ. ಅದನ್ನು ತಪ್ಪಿಸಿಕೊಳ್ಳಲು ಮಗು ಮುಂದಕ್ಕೆ ಜಾರಿ ಬೆನ್ನು ಗೂನು ಮಾಡಿ ಕೂರುತ್ತದೆ. 'ನೆಟ್ಟಗೆ ಕೂತ್ಕೋ' ಎಂದು ನಾವು ದಿನವಿಡೀ ಗದರಿಸುತ್ತೇವೆ, ತಪ್ಪು ಮಾತ್ರ ಆಸನದ್ದು.

ಮೂರು, ಕಾಲಿನ ಉದ್ದ. ಮಂಡಿಯ ಹಿಂಬದಿಯಿಂದ ಹಿಮ್ಮಡಿಯ ತಳದವರೆಗೆ. ಶಾಲೆಗೆ ಬೂಟು ಹಾಕುವುದಾದರೆ ಬೂಟು ಹಾಕಿಯೇ ಅಳೆಯಿರಿ. ಕುಶನ್ನಿನ ಮೇಲ್ಭಾಗದಿಂದ ಪಾದದ ಹಲಗೆಯವರೆಗಿನ ದೂರ ಇಷ್ಟೇ ಇರಬೇಕು. ಪಾದಗಳು ಗಾಳಿಯಲ್ಲಿ ತೂಗಾಡಿದರೆ ಸೊಂಟ ನಿಲ್ಲುವುದಿಲ್ಲ. ಹಲಗೆ ತೀರಾ ಮೇಲಿದ್ದರೆ ಮಂಡಿಗಳು ಎದ್ದು, ಭಾರವೆಲ್ಲ ಪೃಷ್ಠದ ಮೂಳೆಗಳ ಮೇಲೆ ಬೀಳುತ್ತದೆ.

ನಾಲ್ಕು, ಬೆನ್ನಿನ ಎತ್ತರ. ಆಸನದಿಂದ ಪಕ್ಕೆಲುಬಿನ ಕೆಳ ಅಂಚಿಗೆ, ಹೆಗಲ ಮೂಳೆಯ ಕೆಳತುದಿಗೆ, ಭುಜದ ಮೇಲ್ಭಾಗಕ್ಕೆ, ಹೀಗೆ ಮೂರು ಅಳತೆ ಬರೆದುಕೊಳ್ಳಿ. ತಾನೇ ಗಾಲಿ ತಳ್ಳುವ ಮಗುವಿಗೆ ತೋಳು ಸರಾಗವಾಗಿ ಆಡುವಂತೆ ಬೆನ್ನು ತಗ್ಗಾಗಿರಬೇಕು. ಕೂರಲು ಕಷ್ಟಪಡುವ ಮಗುವಿಗೆ ಭುಜದವರೆಗೆ ಬೇಕಾದೀತು.

ಕೂರಿಸಿದ ಮೇಲೆ ಪರೀಕ್ಷಿಸಿ

ಕುರ್ಚಿ ಬಂದ ದಿನ ಫೋಟೋ ತೆಗೆದು ಮುಗಿಸಬೇಡಿ. ಮಗುವನ್ನು ಕೂರಿಸಿ ಎದುರಿನಿಂದಲೂ ಪಕ್ಕದಿಂದಲೂ ನೋಡಿ. ಸೊಂಟ ಎರಡೂ ಬದಿ ಸಮವಾಗಿದೆಯೇ? ಸೊಂಟ, ಮಂಡಿ, ಪಾದದ ಕೀಲು ಇವು ಮಗುವಿಗೆ ಹಿತವಾಗುವಷ್ಟರ ಮಟ್ಟಿಗೆ ಲಂಬಕೋನದಲ್ಲಿವೆಯೇ? ಆಸನದ ಅಂಚಿಗೂ ಮಂಡಿಯ ಹಿಂಬದಿಗೂ ನಡುವೆ ಎರಡು ಮೂರು ಬೆರಳು ಹೋಗುತ್ತವೆಯೇ? ತಾನೇ ತಳ್ಳುವ ಮಗು ಗಾಲಿಯ ತುದಿಯ ಮೇಲೆ ಕೈಯಿಟ್ಟಾಗ ಮೊಣಕೈ ಸ್ವಲ್ಪ ಮಡಚಿರುತ್ತದೆಯೇ, ಅಥವಾ ಭುಜ ಎತ್ತಿ ಚಾಚಬೇಕೇ?

ರೆಕ್ಸಿನ್ ಆಸನ ಮಾತ್ರ ಇದ್ದರೆ ಅದು ಕೆಲವೇ ತಿಂಗಳಲ್ಲಿ ಜೋಲಿಯಂತೆ ಇಳಿಬೀಳುತ್ತದೆ. ಆಗ ಮಂಡಿಗಳು ಒಂದಕ್ಕೊಂದು ತಾಗಿ, ಸೊಂಟ ಓರೆಯಾಗಿ, ಬೆನ್ನೆಲುಬು ಬಳ್ಳಿಯಂತೆ ಬಾಗತೊಡಗುತ್ತದೆ. ಅದರ ಮೇಲೆ ಗಟ್ಟಿಯಾದ ಪ್ಲೈವುಡ್ ಹಲಗೆ, ಹಲಗೆಯ ಮೇಲೆ ಒಳ್ಳೆಯ ಫೋಮಿನ ಕುಶನ್ ಇರಲಿ. ಕುಶನ್ ಸಾಕೇ ಎಂದು ತಿಳಿಯಲು ಸುಲಭ ಪರೀಕ್ಷೆಯೊಂದಿದೆ. ಅಂಗೈ ಮೇಲೆ ಮಾಡಿ ಬೆರಳ ತುದಿಗಳನ್ನು ಮಗುವಿನ ಪೃಷ್ಠದ ಮೂಳೆಯ ಕೆಳಗೆ ಇಡಿ. ಬೆರಳ ತುದಿಗಳನ್ನು ಸ್ವಲ್ಪ ಮೇಲಕ್ಕೆ ಆಡಿಸಲು ಬಂದರೆ ಕುಶನ್ ಸರಿ. ಆಡಿಸಲಾಗದೆ ಜಾರಿಸಿ ತೆಗೆಯಲು ಮಾತ್ರ ಬಂದರೆ ಎಚ್ಚರಿಕೆ. ಬೆರಳು ಸಿಕ್ಕಿಹಾಕಿಕೊಂಡರೆ ಕುಶನ್ ಬದಲಾಯಿಸಲೇಬೇಕು. ಮೊದಲ ದಿನಗಳಲ್ಲಿ ಸ್ವಲ್ಪ ಹೊತ್ತು ಕೂರಿಸಿ, ರಾತ್ರಿ ಬಟ್ಟೆ ಬದಲಿಸುವಾಗ ಪೃಷ್ಠ, ಬೆನ್ನು, ಹಿಮ್ಮಡಿ ನೋಡಿ. ಎದ್ದು ಅರ್ಧ ಗಂಟೆಯಾದರೂ ಮಾಸದ ಕೆಂಪು ಗುರುತು ಕಂಡರೆ ಅದು ಹಾಸಿಗೆ ಹುಣ್ಣಿನ ಮುನ್ಸೂಚನೆ. ಕೂಡಲೇ ವೈದ್ಯರಿಗೆ ತೋರಿಸಿ. ಎಂತಹ ಒಳ್ಳೆಯ ಕುರ್ಚಿಯಾದರೂ ದಿನವೆಲ್ಲ ಅದರಲ್ಲೇ ಇರಿಸಬಾರದು. ಚಾಪೆಯ ಮೇಲೆ ಹೊರಳಾಡಲು, ಬೋರಲು ಮಲಗಲು, ಆಸರೆ ಹಿಡಿದು ನಿಲ್ಲಲು ಹೊತ್ತು ಬೇಕು.

ಕಟ್ಟುಪಟ್ಟಿಯ ವಿಷಯದಲ್ಲಿ ಒಂದು ಗಂಭೀರ ಎಚ್ಚರಿಕೆ. ಜಾರದಿರಲೆಂದು ಕೆಲವರು ದುಪಟ್ಟಾ ಅಥವಾ ಹಳೆಯ ಸೀರೆಯಿಂದ ಮಗುವಿನ ಎದೆಯನ್ನು ಕುರ್ಚಿಗೆ ಕಟ್ಟುತ್ತಾರೆ. ಮಗು ಕೆಳಕ್ಕೆ ಜಾರಿದರೆ ಆ ಬಟ್ಟೆ ಕುತ್ತಿಗೆಗೆ ಬಂದು ಉಸಿರು ಕಟ್ಟಬಹುದು. ಪಟ್ಟಿ ಇರಬೇಕಾದದ್ದು ಸೊಂಟದ ಮೂಳೆಗೆ ಅಡ್ಡವಾಗಿ, ಕೆಳಮುಖವಾಗಿ ಎಳೆಯುವಂತೆ. ಎದೆಗೆ ಪಟ್ಟಿ ಬೇಕಿದ್ದರೆ ತಜ್ಞರು ಹೇಳಿದ ಬಗೆಯದ್ದನ್ನೇ, ಸೊಂಟದ ಪಟ್ಟಿಯ ಜೊತೆಗೆ ಮಾತ್ರ ಬಳಸಿರಿ. ಊಟ ಮಾಡಿಸುವಾಗಲೂ ಮಗು ನೆಟ್ಟಗೆ ಕೂತು, ಗಲ್ಲ ತುಸು ಕೆಳಗಿರಲಿ. ತಲೆಯನ್ನು ಹಿಂದಕ್ಕೆ ವಾಲಿಸಿ ಗಂಜಿ ಹಾಕಿದರೆ ಅದು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ.

ಮನೆ, ದಾರಿ, ಶಾಲೆ

ಮಗುವನ್ನು ಅಳೆದಂತೆ ಮನೆಯನ್ನೂ ಅಳೆಯಿರಿ. ಬಚ್ಚಲಿನ ಬಾಗಿಲು ಎಷ್ಟು ಅಗಲ? ಕುರ್ಚಿಯ ಹೊರ ಅಗಲ ಅದಕ್ಕಿಂತ ಹೆಚ್ಚಿದ್ದರೆ ಮಗುವನ್ನು ದಿನಕ್ಕೆ ಹತ್ತು ಬಾರಿ ಎತ್ತಬೇಕಾಗುತ್ತದೆ. ಮುಂಬಾಗಿಲಿಗೆ ಎಷ್ಟು ಮೆಟ್ಟಿಲು? ಇಳಿಜಾರು ಹಾಕುವುದಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬುದು ಒಪ್ಪಿತವಾದ ಲೆಕ್ಕ. ಅದಕ್ಕಿಂತ ಕಡಿದಾದರೆ ತಳ್ಳುವವರ ಕೈ ಸೋಲುತ್ತದೆ.

ಮಲೆನಾಡಿನ ಏರುತಗ್ಗಿನ ಅಂಗಳ, ಕರಾವಳಿಯ ಮರಳು, ಬಯಲುಸೀಮೆಯ ಕಲ್ಲುದಾರಿ, ಪಟ್ಟಣದ ಬಾಡಿಗೆ ಮನೆಯ ಕಿರಿದಾದ ಓಣಿ, ಇವಕ್ಕೆಲ್ಲ ಒಂದೇ ಕುರ್ಚಿ ಹೊಂದದು. ಮುಂದಿನ ಗಾಲಿಗಳು ಚಿಕ್ಕದಾಗಿ ತೆಳ್ಳಗಿದ್ದರೆ ನುಣುಪು ನೆಲದಲ್ಲಿ ಚೆನ್ನಾಗಿ ತಿರುಗುತ್ತವೆ, ಮರಳಿನಲ್ಲೂ ಕೆಸರಿನಲ್ಲೂ ಹೂತುಹೋಗುತ್ತವೆ. ಒರಟು ದಾರಿಗೆ ಮುಂಗಾಲಿ ದೊಡ್ಡದಾಗಿ ಅಗಲವಾಗಿರಬೇಕು. ಮುಂದೆ ಒಂದೇ ಗಾಲಿಯಿರುವ ಉದ್ದನೆಯ ಮೂರು ಗಾಲಿಯ ಕುರ್ಚಿ ಇಂತಲ್ಲಿ ಸುಲಭವಾಗಿ ಸಾಗುತ್ತದೆ, ಆದರೆ ಇಕ್ಕಟ್ಟಿನ ಮನೆಯೊಳಗೆ ತಿರುಗುವುದಿಲ್ಲ. ಗಾಳಿ ತುಂಬುವ ಟೈರು ಕುಲುಕಾಟ ತಗ್ಗಿಸುತ್ತದೆ, ಪಂಕ್ಚರ್ ಆಗುತ್ತದೆ. ಗಟ್ಟಿ ರಬ್ಬರಿನದು ಪಂಕ್ಚರ್ ಆಗದು, ಕುಲುಕುತ್ತದೆ. ಹಿಂದಿನ ಗಾಲಿ ಸ್ವಲ್ಪ ಮುಂದಕ್ಕಿದ್ದರೆ ತಳ್ಳುವುದು ಹಗುರ, ಆದರೆ ಹಿಂದಕ್ಕೆ ಮಗುಚುವ ಭಯ ಹೆಚ್ಚು. ಅಂತಹ ಕುರ್ಚಿಗೆ ಮಗುಚದಂತೆ ತಡೆಯುವ ಚಿಕ್ಕ ಗಾಲಿಗಳಿರಲಿ. ಸಾಮಾನ್ಯ ಉಕ್ಕಿನ ಕುರ್ಚಿ 15ರಿಂದ 20 ಕಿಲೋ ತೂಗುತ್ತದೆ. ಅದನ್ನು ಆಟೋಗೂ ಬಸ್ಸಿಗೂ ಎತ್ತಿ ಹಾಕುವವರು ಯಾರು ಎಂದು ಮೊದಲೇ ಯೋಚಿಸಿ. ಶಾಲೆಯ ಮೇಜಿನ ಕೆಳಗೆ ಮಂಡಿ ಹೋಗುತ್ತದೆಯೇ ಎಂದೂ ಒಮ್ಮೆ ನೋಡಿ ಬನ್ನಿ.

ಸಮವಸ್ತ್ರದಂತೆ ದೊಡ್ಡದು ಕೊಳ್ಳಬೇಡಿ

ಶಾಲೆಯ ಸಮವಸ್ತ್ರವನ್ನು ನಾವು ಎರಡು ವರ್ಷ ಬರಲಿ ಎಂದು ದೊಡ್ಡದಾಗಿ ಹೊಲಿಸಿ ಅಂಚು ಒಳಕ್ಕೆ ಮಡಚುತ್ತೇವೆ. ಅದು ಬಡತನದ ಜಾಣ್ಮೆ. ಆದರೆ ಕುರ್ಚಿಯ ಅಂಚನ್ನು ಮಡಚಲಾಗದು. 'ಬೆಳೆಯುವ ಮಗು' ಎಂದು ದೊಡ್ಡ ಕುರ್ಚಿ ತಂದರೆ ಅದು ಸರಿಹೊಂದುವ ಹೊತ್ತಿಗೆ ಬೆನ್ನು ಬಾಗಿರುತ್ತದೆ. ಬೆಳವಣಿಗೆಗೆ ಜಾಗ ಬೇಕಿದ್ದರೆ ಆಸನದ ಆಳ, ಪಾದದ ಹಲಗೆ, ಬೆನ್ನಿನ ಎತ್ತರ ಇವನ್ನು ಸರಿಪಡಿಸಿಕೊಳ್ಳಬಹುದಾದ ಕುರ್ಚಿಯನ್ನು ಆರಿಸಿ. ತುಸು ಅಗಲವಿದ್ದರೆ ಎರಡೂ ಬದಿ ಗಟ್ಟಿ ಫೋಮಿನ ಮೆತ್ತೆ ಇಟ್ಟು, ಮಗು ಬೆಳೆದಂತೆ ತೆಳ್ಳಗೆ ಮಾಡುತ್ತ ಬನ್ನಿ. ಆರು ತಿಂಗಳಿಗೊಮ್ಮೆ ನಾಲ್ಕೂ ಅಳತೆಗಳನ್ನು ಮತ್ತೆ ತೆಗೆದು ಬರೆದಿಡಿ.

ವಾರಕ್ಕೊಮ್ಮೆ ಗಾಲಿಯ ಅಚ್ಚಿಗೆ ಸುತ್ತಿದ ಕೂದಲು, ದಾರ ತೆಗೆಯಿರಿ. ನಟ್ಟು, ಬ್ರೇಕು, ಟೈರಿನ ಗಾಳಿ ನೋಡಿ. ಬಹುತೇಕ ಸಣ್ಣ ರಿಪೇರಿಗಳನ್ನು ನಿಮ್ಮೂರಿನ ಸೈಕಲ್ ಅಂಗಡಿಯವರೇ ಮಾಡಬಲ್ಲರು.

ಎಲ್ಲಿ ಕೇಳಬೇಕು?

ಮೊದಲ ಹೆಜ್ಜೆ ಜಿಲ್ಲಾಸ್ಪತ್ರೆಯ ವೈಕಲ್ಯ ಪ್ರಮಾಣಪತ್ರ ಮತ್ತು ಅದರ ಜೊತೆಗೆ ಬರುವ ಯು.ಡಿ.ಐ.ಡಿ. ಕಾರ್ಡು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಶೇಕಡಾ 40 ಅಥವಾ ಹೆಚ್ಚಿನ ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನೂ ಕೊಟ್ಟಿದೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು, ಜಿಲ್ಲೆಯಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯನ್ನು ಕಾಣಿರಿ. ಶಾಲೆಗೆ ಹೋಗುವ ಮಗುವಾದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದ ವಿಶೇಷ ಶಿಕ್ಷಕರು ತಪಾಸಣಾ ಶಿಬಿರದ ದಿನ ತಿಳಿಸುತ್ತಾರೆ.

ಕೇಂದ್ರ ಸರ್ಕಾರದ ಎಡಿಪ್ ಯೋಜನೆ 1981ರಿಂದ ನಡೆದಿದೆ. ಅದರಡಿ ಕುಟುಂಬದ ಆದಾಯ ನೋಡಿ ಸಲಕರಣೆಗಳನ್ನು ಉಚಿತವಾಗಿ ಇಲ್ಲವೇ ರಿಯಾಯಿತಿಯಲ್ಲಿ ಕೊಡುತ್ತಾರೆ. ಅವುಗಳಲ್ಲಿ ಬಹುಪಾಲು ಕಾನ್ಪುರದಲ್ಲಿ 1972ರಲ್ಲಿ ಆರಂಭವಾದ ಅಲಿಮ್ಕೊ ಎಂಬ ಸರ್ಕಾರಿ ಸಂಸ್ಥೆಯವು; ಬೆಂಗಳೂರಿನಲ್ಲಿಯೂ ಅದರ ಘಟಕವಿದೆ. ಸೆರೆಬ್ರಲ್ ಪಾಲ್ಸಿಯ ಮಕ್ಕಳಿಗೆಂದೇ ಮಾಡಿದ 'ಸಿ.ಪಿ. ಚೇರ್' ಅಲ್ಲಿದೆ, ಹೆಸರು ಹಿಡಿದು ಕೇಳಿ. ಇನ್ನೊಂದು ಮಾತು ಅನೇಕರಿಗೆ ತಿಳಿಯದು. ಈ ಯೋಜನೆಯಲ್ಲಿ ಅದೇ ಸಲಕರಣೆಯನ್ನು ಮತ್ತೆ ಪಡೆಯಲು ದೊಡ್ಡವರು ಮೂರು ವರ್ಷ ಕಾಯಬೇಕು. 12 ವರ್ಷದೊಳಗಿನ ಮಕ್ಕಳಿಗೆ ಒಂದೇ ವರ್ಷ. ಮಕ್ಕಳು ಬೆಳೆಯುತ್ತಾರೆ ಎಂಬುದನ್ನು ನಿಯಮವೇ ಒಪ್ಪಿಕೊಂಡಿದೆ. ಬೆಂಗಳೂರಿನಲ್ಲಿ 1959ರಿಂದ ಇರುವ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ ಇಂತಹ ಸಂಸ್ಥೆಗಳು ಈ ಕ್ಷೇತ್ರದಲ್ಲಿ ದುಡಿದಿವೆ, ಅಲ್ಲಿಯೂ ವಿಚಾರಿಸಬಹುದು.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿಯೂ ಮತ್ತೆ 2023ರಲ್ಲಿಯೂ ಗಾಲಿಕುರ್ಚಿ ಒದಗಿಸುವ ಕುರಿತು ಮಾರ್ಗಸೂಚಿ ಹೊರಡಿಸಿತು. 2023ರದು ನಾಲ್ಕು ಹೆಜ್ಜೆಗಳನ್ನು ಹೇಳುತ್ತದೆ: ಆರಿಸುವುದು, ಹೊಂದಿಸುವುದು, ಬಳಸಲು ಕಲಿಸುವುದು, ಮುಂದೆಯೂ ಬಂದು ನೋಡುವುದು. ಯಾರೇ ಕುರ್ಚಿ ಕೊಡಲಿ, ಈ ನಾಲ್ಕರಲ್ಲಿ ಎಷ್ಟು ನಡೆಯುತ್ತವೆ ಎಂದು ವಿನಯದಿಂದ ಕೇಳಿ. ಕೇಳುವುದು ಕೃತಘ್ನತೆಯಲ್ಲ.

ದಾನ ಕೊಡುವವರಿಗೆ

ಹಬ್ಬ, ಜುಬಿಲಿ, ಹುಟ್ಟುಹಬ್ಬಗಳಲ್ಲಿ ಹತ್ತು ಗಾಲಿಕುರ್ಚಿ ತರಿಸಿ ವೇದಿಕೆಯ ಮೇಲೆ ಹಂಚುವುದು ನಮ್ಮ ಧರ್ಮಕೇಂದ್ರಗಳಲ್ಲಿಯೂ ಸಂಘಗಳಲ್ಲಿಯೂ ಇದೆ. ಮನಸ್ಸು ಒಳ್ಳೆಯದೇ. ಆದರೆ ಹತ್ತೂ ಒಂದೇ ಅಳತೆಯವಾದರೆ ಸಮಾನತೆ ಆಯಿತು, ನ್ಯಾಯ ಆಗಲಿಲ್ಲ. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ನ್ಯಾಯದ ಕುರಿತು ಬರೆಯುವಾಗ ಲೆಸ್ಬೋಸ್ ದ್ವೀಪದ ಕಲ್ಲುಕಟ್ಟಡದವರ ಸೀಸದ ಅಳತೆಪಟ್ಟಿಯ ಉದಾಹರಣೆ ಕೊಡುತ್ತಾನೆ. ಕಬ್ಬಿಣದ ಪಟ್ಟಿ ಬಗ್ಗುವುದಿಲ್ಲ. ಸೀಸದ ಪಟ್ಟಿಯಾದರೋ ಕಲ್ಲಿನ ಆಕಾರಕ್ಕೆ ತಾನೇ ಬಾಗುತ್ತದೆ. ಪ್ರೀತಿಯೂ ಹಾಗಿರಬೇಕು. ಹತ್ತು ಮಕ್ಕಳಿಗೆ ಅಳತೆಯಿಲ್ಲದ ಹತ್ತು ಕುರ್ಚಿ ಕೊಡುವುದಕ್ಕಿಂತ, ತಜ್ಞರನ್ನು ಕರೆಸಿ ನಾಲ್ಕು ಮಕ್ಕಳಿಗೆ ಅಳತೆ ತೆಗೆಸಿ ಕೊಟ್ಟು, ಆರು ತಿಂಗಳ ಬಳಿಕ ಅವರ ಮನೆಗೆ ಹೋಗಿ ನೋಡುವುದು ದೊಡ್ಡ ದಾನ. ಕೈಯಿಂದ ಪೆಡಲು ತಿರುಗಿಸುವ ಮೂರು ಚಕ್ರದ ಸೈಕಲ್ಲನ್ನು ಕೂರಲು ಆಸರೆ ಬೇಕಾದ ಮಗುವಿಗೆ ಕೊಡಬೇಡಿ. ಅದು ಗಟ್ಟಿ ತೋಳುಗಳುಳ್ಳವರಿಗೆ.

ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದ ನಾಲ್ವರು ಒಳಹೋಗಲು ದಾರಿ ಕಾಣದೆ ಮನೆಯ ಛಾವಣಿಯನ್ನೇ ತೆರೆದ ಪ್ರಸಂಗವನ್ನು ನಾವೆಲ್ಲ ಶುಭಸಂದೇಶದಲ್ಲಿ ಕೇಳಿದ್ದೇವೆ. ಇಂದು ಯಾರೂ ಹೆಂಚು ತೆಗೆಯಬೇಕಾಗಿಲ್ಲ. ದೇವಾಲಯದ ಮೆಟ್ಟಿಲ ಪಕ್ಕ ಒಂದು ಇಳಿಜಾರು ಕಟ್ಟಿಸಿ, ಬೆಂಚುಗಳ ಸಾಲಿನಲ್ಲಿ ಒಂದನ್ನು ಮೊಟಕು ಮಾಡಿ ಮಗು ತನ್ನ ಅಪ್ಪ ಅಮ್ಮನ ಪಕ್ಕದಲ್ಲೇ ಇರಲು ಜಾಗ ಬಿಟ್ಟರೆ ಸಾಕು.

ಮಗುವಿನ ಮಾತು

ಕೊನೆಯದಾಗಿ, ಮಗುವನ್ನು ಕೇಳಿ. ಎಲ್ಲಿ ಒತ್ತುತ್ತದೆ, ಎಲ್ಲಿ ಭಯವಾಗುತ್ತದೆ, ಯಾವ ಬಣ್ಣ ಬೇಕು, ಯಾರ ಜೊತೆ ಆಡಬೇಕು ಎಂದು ಅದಕ್ಕೇ ಚೆನ್ನಾಗಿ ಗೊತ್ತು. ಮಾತು ಬಾರದ ಮಗುವೂ ಮುಖ ಕಿವುಚಿ, ನಕ್ಕು, ಮೈ ಬಿಗಿದು ಹೇಳುತ್ತದೆ. ತಳ್ಳುವ ಮುನ್ನ 'ಹೋಗೋಣವೇ ಪುಟ್ಟ?' ಎಂದು ಕೇಳುವ ಅಭ್ಯಾಸ ಮನೆಯವರಿಗೆಲ್ಲ ಇರಲಿ. ತಾನೇ ಎರಡಡಿ ತಳ್ಳಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ಇಣುಕುವ ಮಗುವಿಗೆ ಆ ಎರಡಡಿಯೇ ದೊಡ್ಡ ಲೋಕ. ಬೇಗ ತಲುಪಲಿ ಎಂದು ಹಿಂದಿನಿಂದ ತಳ್ಳಿ ಆ ಲೋಕವನ್ನು ಕಸಿದುಕೊಳ್ಳಬೇಡಿ. ಅಡಿಗೆ ಹೊತ್ತಾದರೂ ಚಿಂತೆಯಿಲ್ಲ, ಅದು ತಾನಾಗಿಯೇ ಬರಲಿ.

ಕುಟುಂಬದಲ್ಲಿ ಮಾತನಾಡಲು

1. ನಮ್ಮ ಮಗುವಿನ, ಅಥವಾ ನಮ್ಮ ನೆರೆಯ ಮಗುವಿನ, ಗಾಲಿಕುರ್ಚಿಯನ್ನು ಕೊನೆಯ ಬಾರಿ ಅಳತೆಗೆ ಹೋಲಿಸಿ ನೋಡಿದ್ದು ಯಾವಾಗ?

2. ಮಗುವನ್ನು ಎತ್ತಿ ಹೊರುವ ಭಾರ ಮನೆಯಲ್ಲಿ ಒಬ್ಬರ ಮೇಲೆಯೇ ಬಿದ್ದಿದೆಯೇ? ಅದನ್ನು ಹಂಚಿಕೊಳ್ಳುವುದು ಹೇಗೆ?

3. ನಮ್ಮ ಮನೆ, ಶಾಲೆ, ದೇವಾಲಯ ಇವುಗಳಲ್ಲಿ ಗಾಲಿಕುರ್ಚಿಯ ಮಗು ತಾನಾಗಿ ಒಳಬರಲಾರದ ಬಾಗಿಲು ಯಾವುದು? ಈ ತಿಂಗಳು ಅದರಲ್ಲಿ ಒಂದನ್ನಾದರೂ ಸರಿಪಡಿಸಬಲ್ಲೆವೇ?